ಹೋಗಪ್ಪಾ ತಂದೆ

ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಅಧ್ಯಕ್ಷರು. ಒಂಬತ್ತು ವರ್ಷದಿಂದ ಅವರೇ. ಟ್ಯಾಂಕ್ ತೊಳೆಯುವ ದಿನ, ಮೇಂಟೆನೆನ್ಸ್ ಬಾಕಿ, ಬೀದಿನಾಯಿ ಇತ್ಯಾದಿ ನೋಟಿಸುಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಶುಭೋದಯದ ಗುಲಾಬಿಗಳ ಕೆಳಗೆ ಹೂತುಹೋಗುತ್ತವೆ ಎಂಬುದು ಅವರ ಸಂಕಟ.

"ನೀವು ಕಂಪ್ಯೂಟರ್‌ನೋರಲ್ವೇ, ಸಂಘದ ಹೆಸರಲ್ಲಿ ಎಲ್ರಿಗೂ ಇಮೇಲ್ ಹೋಗೋ ಹಾಗೆ ಮಾಡಿಕೊಡಿ" ಎಂದರು.

"ಅರ್ಧ ಗಂಟೆ ಕೆಲ್ಸ ಮೇಷ್ಟ್ರೇ" ಎಂದೆ. ನನ್ನ ನಾಲಿಗೆಗೆ ಮೊದಲಿನಿಂದಲೂ ಮೂಳೆಯಿಲ್ಲ.

ಸಂಘದ ವೆಬ್‌ಸೈಟಿಗೆಂದು ತಿಂಗಳ ಬಾಡಿಗೆಗೆ ಹಿಡಿದಿದ್ದ ಒಂದು ಸಣ್ಣ ಸರ್ವರ್ ಇತ್ತು. ಶುಕ್ರವಾರ ರಾತ್ರಿ ಊಟ ಮುಗಿಸಿ ಅದರ ಮೇಲೆ ಪೋಸ್ಟ್‌ಫಿಕ್ಸ್ ಹಾಕಿದೆ. 1998ರಿಂದ ಜಗತ್ತಿನ ಟಪಾಲು ಹೊರುತ್ತಿರುವ ತಂತ್ರಾಂಶ, ನನ್ನದೊಂದು ಪತ್ರ ಅದಕ್ಕೆ ಭಾರವೇ? "ಪರೀಕ್ಷೆ 1" ಎಂಬ ವಿಷಯ ಕೊಟ್ಟು ನನಗೇ ಒಂದು ಮೇಲ್ ಕಳಿಸಿ ಕಾದೆ. ಲಾಗ್ ತೆರೆದರೆ "ಕನೆಕ್ಷನ್ ಟೈಮ್ಡ್ ಔಟ್", ಪಕ್ಕದಲ್ಲಿ "ಡಿಫರ್ಡ್". ಅಂದರೆ ಮುಂದೂಡಲಾಗಿದೆ. ಥೇಟ್ ಕೋರ್ಟಿನ ವಾಯಿದೆ.

ತಪ್ಪು ಪೋಸ್ಟ್‌ಫಿಕ್ಸ್‌ನದಲ್ಲ. ಸರ್ವರ್‌ಗಳ ನಡುವೆ ಇಮೇಲ್ ಓಡಾಡುವುದು ಪೋರ್ಟ್ 25 ಎಂಬ ಬಾಗಿಲಲ್ಲಿ. 1982ರಲ್ಲಿ ಆ ಓಡಾಟದ ಪದ್ಧತಿಗೆ, ಅಂದರೆ ಎಸ್‌ಎಂಟಿಪಿಗೆ, ನಿಯಮ ಬರೆದಾಗ, ಬಂದವರನ್ನು "ನೀನು ಯಾರು, ಯಾರ ಪೈಕಿ" ಎಂದು ಕೇಳುವ ಏರ್ಪಾಡೇ ಇರಲಿಲ್ಲ. ಊರು ಚಿಕ್ಕದು, ಎಲ್ಲರೂ ಪರಿಚಯದವರು. ಆಮೇಲೆ ಲಾಟರಿ ಗೆದ್ದಿದ್ದೀರಿ ಎನ್ನುವವರೆಲ್ಲ ಅದೇ ಬಾಗಿಲಲ್ಲಿ ನುಗ್ಗಿದರು. ಈಗ ಸರ್ವರ್ ಬಾಡಿಗೆಗೆ ಕೊಡುವ ಎಷ್ಟೋ ಕಂಪನಿಗಳು ಹೊರಹೋಗುವ ಪೋರ್ಟ್ 25ಕ್ಕೆ ಬೀಗ ಹಾಕಿಯೇ ಕೀಲಿಕೈ ಕೊಡುತ್ತವೆ. ನನ್ನ ಮಾಲೀಕರೂ ಹಾಕಿದ್ದರು.

ಇದಕ್ಕೆ ಮದ್ದು ರಿಲೇ. ಹಿಂದೆ ನಮ್ಮೂರಿನಿಂದ ಪೇಟೆಯ ಮಾವನ ಮನೆಗೆ ಹಲಸಿನಹಣ್ಣು ಕಳಿಸಬೇಕಾದರೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವಲ್ಲ, ಹಾಗೆ. ದಾರಿ ಗೊತ್ತಿರುವ, ನಾಲ್ಕು ಜನ ನಂಬುವ ಇನ್ನೊಂದು ಸರ್ವರ್‌ಗೆ ಪೋರ್ಟ್ 587ರಲ್ಲಿ, ಹೆಸರು ಪಾಸ್‌ವರ್ಡ್ ಹೇಳಿ ಪತ್ರ ಒಪ್ಪಿಸುವುದು. ಮುಂದಿನದು ಅವರ ಪಾಡು. ಶನಿವಾರ ಬೆಳಿಗ್ಗೆಯೇ ಒಂದು ರಿಲೇ ಸೇವೆಯಲ್ಲಿ ಖಾತೆ ತೆರೆದೆ. ನಮ್ಮ ಪರವಾಗಿ ಇವರೂ ಪತ್ರ ಕಳಿಸಬಹುದು ಎಂದು ಇಂಟರ್ನೆಟ್ಟಿನ ವಿಳಾಸಪುಸ್ತಕವಾದ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್ ಎಂಬ ಸಾಲನ್ನೂ ಬರೆದಿಟ್ಟೆ.

ಇನ್ನು ಚೌಕ ಕಂಸದ ಕಥೆ. ಪೋಸ್ಟ್‌ಫಿಕ್ಸ್‌ಗೆ ರಿಲೇಯ ಹೆಸರು ಕೊಡುವಾಗ ಅದನ್ನು ಚೌಕ ಕಂಸದೊಳಗೆ ಕೂರಿಸಿದರೆ "ಈ ಹೆಸರಿನ ಟಪಾಲು ಯಾವ ಮನೆಗೆ ಎಂದು ಡಿಎನ್‌ಎಸ್‌ನಲ್ಲಿ ಎಂಎಕ್ಸ್ ಗಿಎಂಎಕ್ಸ್ ವಿಚಾರಿಸಬೇಡ, ನೆಟ್ಟಗೆ ಇದೇ ಮನೆಗೆ ಹೋಗು" ಎಂದರ್ಥ. ಕೂರಿಸಿದೆ. ಪಾಸ್‌ವರ್ಡ್ ಇಡುವ ಕಡತದಲ್ಲಿ ಅದೇ ಹೆಸರನ್ನು ಕಂಸವಿಲ್ಲದೆ ಬರೆದೆ. ಆಧಾರ್‌ನಲ್ಲೊಂದು ಸ್ಪೆಲ್ಲಿಂಗ್, ಪ್ಯಾನ್‌ನಲ್ಲೊಂದು ಸ್ಪೆಲ್ಲಿಂಗ್ ಇದ್ದವರಿಗೆ ಮುಂದೇನಾಯಿತೆಂದು ಹೇಳಬೇಕಿಲ್ಲ. ಎರಡೂ ಅಕ್ಷರಶಃ ಒಂದೇ ಇರಬೇಕಂತೆ, ಪೋರ್ಟ್ ನಂಬರಿನ ಸಮೇತ. ನನ್ನ ಪತ್ರಗಳೆಲ್ಲ ಗೇಟಿನಿಂದಲೇ ವಾಪಸ್ ಬಂದವು. ಕಂಸ ಹಾಕಿದೆ. ಆದರೂ ಇಲ್ಲ. ಕಡತ ತಿದ್ದಿದರೆ ಸಾಲದು, ಪೋಸ್ಟ್‌ಮ್ಯಾಪ್ ಎಂಬ ಆಜ್ಞೆ ಕೊಟ್ಟು ಅದಕ್ಕೆ ಅರ್ಥವಾಗುವ ರೂಪಕ್ಕೆ ತರಬೇಕು. ತಂದೆ.

ಶನಿವಾರ ಸಂಜೆ ಹೊಸ ದೂರು: "ನೋ ವರ್ದಿ ಮೆಕ್ಸ್ ಫೌಂಡ್." ಯೋಗ್ಯವಾದದ್ದು ಒಂದೂ ಸಿಗಲಿಲ್ಲ. ಇಪ್ಪತ್ತು ಜಾತಕ ನೋಡಿದ ಮೇಲೆ ಹೆಣ್ಣಿನ ಕಡೆಯವರು ಹೇಳುವ ಧಾಟಿ. ಏನು ಯೋಗ್ಯವಲ್ಲ, ಯಾಕೆ ಯೋಗ್ಯವಲ್ಲ, ಅದು ಹೇಳುವುದಿಲ್ಲ. ಪಾಸ್‌ವರ್ಡ್ ಮೂರು ಸಲ ಬದಲಿಸಿದೆ. ನನ್ನ ಇನ್‌ಬಾಕ್ಸಿನ ಮೇಲೆಯೇ ಅನುಮಾನ ಬಂದು ಪರೀಕ್ಷೆಯ ಪತ್ರಗಳನ್ನು ಮೇಷ್ಟ್ರ ವಿಳಾಸಕ್ಕೆ ಹಾಕತೊಡಗಿದೆ. ಹೇಗೂ ಹೋಗುವುದಿಲ್ಲವಲ್ಲ! "ಪರೀಕ್ಷೆ 14" ಆದಮೇಲೆ ಅಂಕಿ ಹಾಕುವ ತಾಳ್ಮೆಯೂ ಉಳಿಯದೆ ಬಾಯಿಗೆ ಬಂದದ್ದನ್ನೇ ವಿಷಯದ ಜಾಗದಲ್ಲಿ ಕುಟ್ಟಿದೆ.

ಭಾನುವಾರ ರಾತ್ರಿ ಒಂದು ಗಂಟೆಗೆ ಗೊತ್ತಾಯಿತು: ನನ್ನ ಸರ್ವರ್ ಓಡಿಸುವ ಡೆಬಿಯನ್ ಲಿನಕ್ಸ್‌ನಲ್ಲಿ ಲಿಬ್‌ಸಾಸಲ್2-ಮಾಡ್ಯೂಲ್ಸ್ ಎಂಬ ಪುಟಾಣಿ ಪ್ಯಾಕೇಜೇ ಇರಲಿಲ್ಲ. ಪಾಸ್‌ವರ್ಡ್ ಕೈಯಲ್ಲಿತ್ತು, ಅದನ್ನು ಹೇಳಲು ಬಾಯಿರಲಿಲ್ಲ. ಹಾಕಿದ್ದು ಹತ್ತು ಸೆಕೆಂಡಿನ ಕೆಲಸ. ಪೋಸ್ಟ್‌ಫಿಕ್ಸ್ ಮತ್ತೆ ಶುರುಮಾಡಿ, ಕ್ಯೂನಲ್ಲಿರುವುದನ್ನು ತಳ್ಳು ಎಂದು ಆಜ್ಞೆ ಕೊಟ್ಟೆ. "ಸೆಂಟ್" ಎಂಬ ಸಾಲು ಬಂದಾಗ ಕುರ್ಚಿಯಲ್ಲೇ ಕುಣಿದೆ. ಇನ್ನೊಂದು ಸೆಂಟ್. ಮತ್ತೊಂದು. ಏಳನೆಯದಕ್ಕೆ ಕುಣಿತ ನಿಂತಿತು.

ಹೋಗದ ಪತ್ರವನ್ನು ಪೋಸ್ಟ್‌ಫಿಕ್ಸ್ ಬಿಸಾಡುವುದಿಲ್ಲ. ಐದು ದಿನ ಜೋಪಾನವಾಗಿ ಇಟ್ಟುಕೊಂಡು, ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ನೆನಪಾಗಿದ್ದು ಮಾತ್ರ ಆಗ. ಕಂಟ್ರೋಲ್-ಸಿ ಒತ್ತಿದೆ, ನಿಂತದ್ದು ಪರದೆಯ ಮೇಲಿನ ಲಾಗ್ ಒಂದೇ.

ಸಂಘದ ಅಧಿಕೃತ ವಿಳಾಸದಿಂದ ಸಂಘದ ಅಧ್ಯಕ್ಷರಿಗೆ, ರಾತ್ರಿ ಒಂದು ಗಂಟೆಗೆ, ಇಪ್ಪತ್ತಮೂರು ಪತ್ರ. ಕೊನೆಯವುಗಳ ವಿಷಯ ಕ್ರಮವಾಗಿ: "ಹೋಗು", "ಹೋಗಪ್ಪಾ ತಂದೆ", "ಹೋಗ್ತೀಯೋ ಇಲ್ವೋ", "ಇನ್ನೂ ಎಷ್ಟ್ ದಿನ ಕೂತಿರ್ತೀಯ".

ಬೆಳಿಗ್ಗೆ ಆರೂವರೆಗೆ ಫೋನು.

"ಟಪಾಲು ಬಂತಪ್ಪ. ಅಷ್ಟೂ ಬಂತು."

"ಮೇಷ್ಟ್ರೇ, ಅದು ನಿಮಗಲ್ಲ, ಸರ್ವರ್‌ಗೆ..."

"ಇರ್ಲಿ ಬಿಡಿ. ನಾಲ್ಕು ವರ್ಷದಿಂದ ಪ್ರತಿ ಮಹಾಸಭೇಲೂ ಬಿಡ್ತೀನಿ ಅಂತೀನಿ, ಎಲ್ರೂ ಚಪ್ಪಾಳೆ ಹೊಡೆದು ಮತ್ತೆ ಕೂರಿಸ್ತಾರೆ. ಹೋಗು ಅಂತ ಬಾಯ್ಬಿಟ್ಟು ಹೇಳಿದೋರು ನೀವೇ ಮೊದ್ಲು. ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿದೀನಿ. ಮುಂದಿನ ಭಾನುವಾರ ಸಭೆ ಇಟ್ಕೊಳ್ಳೋಣ. ಮೊದಲನೇ ವಿಷಯ ನನ್ನ ರಾಜೀನಾಮೆ, ಎರಡನೇದು ಹೊಸ ಅಧ್ಯಕ್ಷರ ಆಯ್ಕೆ. ನಿಮ್ಮ ಹೆಸರು ನಾನೇ ಸೂಚಿಸ್ತೀನಿ."

ಸಭೆಯ ನೋಟಿಸನ್ನು ಎಲ್ಲರಿಗೂ ಇಮೇಲಿನಲ್ಲೇ ಕಳಿಸಬೇಕಂತೆ. ಬರೆದಿಟ್ಟಿದ್ದೇನೆ. ಕ್ಯೂ ಖಾಲಿಯಿದೆಯೇ ಎಂದು ಬೆಳಗಿನಿಂದ ನಾಲ್ಕು ಸಲ ನೋಡಿಯಾಯಿತು.