ದಯವಿಟ್ಟು ಕಾಯಿರಿ, ನಿಮ್ಮ ಕಾಯುವಿಕೆಯನ್ನು ಸುಧಾರಿಸಲಾಗುತ್ತಿದೆ

ಸೇವೆ ನೀಡುವ ಸಂಸ್ಥೆಗಳ ಎದುರು ಬಹುಕಾಲದಿಂದ ಒಂದು ಕಗ್ಗಂಟು ಇತ್ತು. ಜನ ಕಾಯುತ್ತಾರೆ, ಕಾದವರು ಗೊಣಗುತ್ತಾರೆ, ಗೊಣಗಿದವರಲ್ಲಿ ಕೆಲವರು ದೂರನ್ನೂ ಬರೆಯುತ್ತಾರೆ. ಇದಕ್ಕೆ ಪರಿಹಾರ ಎರಡು ಬಗೆಯದು. ಕಾಯುವ ಹೊತ್ತನ್ನೇ ಕಡಿಮೆ ಮಾಡುವುದು ಒಂದು. ಅದಕ್ಕೆ ಇನ್ನಷ್ಟು ಜನರನ್ನು ನೇಮಿಸಿಕೊಳ್ಳಬೇಕು, ಅವರಿಗೆ ಸಂಬಳ ಕೊಡಬೇಕು, ಅವರು ಆಗೊಮ್ಮೆ ಈಗೊಮ್ಮೆ ಕೈಕಟ್ಟಿ ಕುಳಿತಿರುವುದನ್ನು ಕಣ್ಣಾರೆ ನೋಡಿಯೂ ಸುಮ್ಮನಿರಬೇಕು. ಕಾಯುವ ಹೊತ್ತನ್ನು ಇದ್ದ ಹಾಗೆಯೇ ಬಿಟ್ಟು, ಕಾಯುತ್ತಿದ್ದೇವೆ ಎಂಬ ಅರಿವನ್ನು ಮಾತ್ರ ಮಂಕಾಗಿಸುವುದು ಇನ್ನೊಂದು. ಅದಕ್ಕೆ ಒಂದು ಹಾಡು, ಒಂದು ಕನ್ನಡಿ, ಮೆಲುದನಿಯ ಒಂದು ಧ್ವನಿಮುದ್ರಣ ಸಾಕು. ಎರಡರಲ್ಲಿ ಯಾವುದು ಗೆದ್ದಿತು ಎಂದು ಕೇಳುವಷ್ಟು ಮುಗ್ಧರು ಈ ಅಂಕಣದ ಓದುಗರಲ್ಲಿ ಇರಲಾರರು.

ಮೊದಲನೆಯ ಪರಿಹಾರ ಯಾರಿಗೂ ಹೊಳೆದಿರಲಿಲ್ಲ ಎಂದೇನಲ್ಲ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿ ಕೆಲಸಕ್ಕಿದ್ದ ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಗಣಿತಜ್ಞರು 1909ರಲ್ಲಿಯೇ ಕರೆಗಳು ಹೇಗೆ ಬರುತ್ತವೆ ಎಂಬುದರ ಲೆಕ್ಕವನ್ನು ಪ್ರಕಟಿಸಿದರು. 1917ರ ಹೊತ್ತಿಗೆ ಇಂತಿಷ್ಟು ಕರೆಗಳಿಗೆ ಇಂತಿಷ್ಟು ಸಂಪರ್ಕಗಳಿದ್ದರೆ ಎಷ್ಟು ಜನ ಕಾಯಬೇಕಾಗುತ್ತದೆ ಎಂದು ಹೇಳುವ ಸೂತ್ರಗಳೂ ಸಿದ್ಧವಾದವು. ಅಂದರೆ ಲೆಕ್ಕ ಮುಗಿದು ನೂರು ವರ್ಷಗಳ ಮೇಲಾಯಿತು. ಇಂದು ಯಾವುದಾದರೂ ಕಿಟಕಿಯ ಮುಂದೆ ಉದ್ದನೆಯ ಸಾಲು ಕಂಡರೆ, ಅದು ಆಕಾಶದಿಂದ ಎರಗಿದ ಆಪತ್ತಲ್ಲ. ಎಲ್ಲೋ ಒಂದು ತಂಪಾದ ಕೋಣೆಯಲ್ಲಿ ಯಾರೋ ಇಷ್ಟು ಸಾಲು ಇದ್ದರೆ ಅಡ್ಡಿಯಿಲ್ಲ ಎಂದು ನಿರ್ಧರಿಸಿದ್ದಾರೆ ಎಂದು ಅರ್ಥ.

ಆ ನಿರ್ಧಾರದ ಸ್ವಾರಸ್ಯವನ್ನು ಸವಿಯಬೇಕಾದರೆ ಸ್ವಲ್ಪ ಗಣಿತವನ್ನು ಸಹಿಸಿಕೊಳ್ಳಬೇಕು. ಒಂದೇ ಕಿಟಕಿ, ಒಬ್ಬನೇ ಗುಮಾಸ್ತ. ಜನ ತಮಗೆ ತೋಚಿದ ಹೊತ್ತಿಗೆ ಬರುತ್ತಾರೆ, ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಅವಧಿ ಹಿಡಿಯುತ್ತದೆ. ಸರದಿಯ ಶಾಸ್ತ್ರ ಬಳಸುವ ಅತಿ ಸರಳವಾದ ಮಾದರಿ ಇದು. ಗುಮಾಸ್ತ ತನ್ನ ಸಮಯದ ಶೇಕಡ 50ರಷ್ಟು ಮಾತ್ರ ಕೆಲಸದಲ್ಲಿದ್ದರೆ, ಸಾಲಿನಲ್ಲಿ ನಿಂತವರು ಸರಾಸರಿ ಒಬ್ಬರ ಕೆಲಸ ಮುಗಿಯುವಷ್ಟು ಹೊತ್ತು ಕಾಯುತ್ತಾರೆ. ಶೇಕಡ 80 ಆದರೆ ನಾಲ್ಕು ಜನರ ಕೆಲಸದಷ್ಟು, 90 ಆದರೆ ಒಂಬತ್ತು, 95 ಆದರೆ ಹತ್ತೊಂಬತ್ತು, 99 ಆದರೆ ತೊಂಬತ್ತೊಂಬತ್ತು ಜನರ ಕೆಲಸದಷ್ಟು. ದಕ್ಷತಾ ತಜ್ಞರು ಬಂದು ಗುಮಾಸ್ತನ ಬಿಡುವನ್ನು ಪೈಸೆ ಪೈಸೆಯಾಗಿ ಹಿಂಡಿದಂತೆಲ್ಲ ಕಿಟಕಿಯ ಈಚೆ ಬದಿಯಲ್ಲಿ ಸಾಲು ಬಾಲದಂತೆ ಬೆಳೆಯುತ್ತದೆ. ಆದರೆ ಗುಮಾಸ್ತನ ಒಂದು ನಿಮಿಷದ ಬಿಡುವು ಸಂಸ್ಥೆಯ ಖರ್ಚಿನ ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಕಾಣಿಸುತ್ತದೆ. ಸಾಲಿನಲ್ಲಿ ನಿಂತವರ ಹತ್ತೊಂಬತ್ತು ಪಾಲು ಯಾವ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಬಿಟ್ಟಿ ಸಿಕ್ಕ ಸರಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ಯಾವ ವ್ಯಾಪಾರದಲ್ಲಿಯೂ ಇಲ್ಲ. ಹೀಗೆ ಬಿಡುವಿಲ್ಲದೆ ದುಡಿದು ಬಸವಳಿದ ಗುಮಾಸ್ತನನ್ನು ಸಾಲಿನಲ್ಲಿ ನಿಂತವರೆಲ್ಲರೂ ಸೋಮಾರಿ ಎಂದು ಬೈಯುತ್ತಾರೆ ಎಂಬುದು ಈ ವ್ಯವಸ್ಥೆಯ ಇನ್ನೊಂದು ಚಮತ್ಕಾರ.

ಇಷ್ಟಾದ ಮೇಲೆ ಉಳಿದದ್ದು ಎರಡನೆಯ ಪರಿಹಾರ. ಸುಮ್ಮನೆ ಕಾಯುವ ಹೊತ್ತು ಏನಾದರೂ ಮಾಡುತ್ತ ಕಳೆಯುವ ಹೊತ್ತಿಗಿಂತ ದೀರ್ಘವೆನಿಸುತ್ತದೆ, ಎಷ್ಟು ಹೊತ್ತು ಎಂದು ತಿಳಿಯದಿದ್ದರೆ ಇನ್ನೂ ದೀರ್ಘವೆನಿಸುತ್ತದೆ, ಕಾರಣ ಗೊತ್ತಿಲ್ಲದಿದ್ದರೆ ಮತ್ತಷ್ಟು ಎಂಬುದನ್ನು ಡೇವಿಡ್ ಮೈಸ್ಟರ್ ಎಂಬ ನಿರ್ವಹಣಾ ತಜ್ಞರು 1985ರಲ್ಲಿ ಒಂದು ಪ್ರಬಂಧದಲ್ಲಿ ಬಿಡಿಸಿ ಹೇಳಿದರು. ಕಾದವರಿಗೆಲ್ಲ ಗೊತ್ತಿದ್ದ ಸಂಗತಿಯೇ. ಆದರೆ ಕಾಯಿಸುವವರಿಗೆ ಅದು ವೇದವಾಕ್ಯವಾಯಿತು. ಹ್ಯೂಸ್ಟನ್ ವಿಮಾನ ನಿಲ್ದಾಣದ ಒಂದು ಪ್ರಸಂಗವನ್ನು ಸರದಿಯ ಪಂಡಿತರು ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ. ಇಳಿದು ಬಂದವರು ತಮ್ಮ ಪೆಟ್ಟಿಗೆಗಳಿಗಾಗಿ ಬಹಳ ಹೊತ್ತು ನಿಲ್ಲಬೇಕಾಗುತ್ತದೆ ಎಂದು ದೂರುತ್ತಿದ್ದರಂತೆ, ಅಧಿಕಾರಿಗಳು ಪೆಟ್ಟಿಗೆ ಬರುವ ಜಾಗವನ್ನೇ ದೂರಕ್ಕೆ ಸರಿಸಿ, ಜನ ನಡೆದೇ ಆ ಹೊತ್ತನ್ನು ಕಳೆಯುವಂತೆ ಮಾಡಿದರಂತೆ, ದೂರುಗಳು ನಿಂತುಹೋದುವಂತೆ. ಪೆಟ್ಟಿಗೆ ಬರುವ ವೇಗ ಹೆಚ್ಚಲಿಲ್ಲ, ಕಾಲು ನೋವು ಮಾತ್ರ ಹೆಚ್ಚಿತು, ಎಲ್ಲರಿಗೂ ತೃಪ್ತಿಯಾಯಿತು. ಮೂಗಿಗೆ ತುಪ್ಪ ಸವರುವ ಕಲೆ ಇಷ್ಟು ವೈಜ್ಞಾನಿಕವಾಗಿ ಹಿಂದೆಂದೂ ಬೆಳೆದಿರಲಿಲ್ಲ.

ಆದರೂ ಈ ಕಲೆಯ ಪರಾಕಾಷ್ಠೆಯನ್ನು ನೋಡಬೇಕಾದರೆ ದೂರವಾಣಿಯ ಸಹಾಯ ಕೇಂದ್ರಕ್ಕೇ ಶರಣಾಗಬೇಕು. ನಾವು ಕರೆ ಮಾಡುತ್ತೇವೆ. ಒಂದನ್ನು ಒತ್ತಿ, ಎರಡನ್ನು ಒತ್ತಿ, ಹಿಂದಿನ ಆಯ್ಕೆಗೆ ಮರಳಲು ಒಂಬತ್ತನ್ನು ಒತ್ತಿ ಎಂಬ ಉಪದೇಶ ನಡೆಯುತ್ತದೆ. ನಮ್ಮ ಸಮಸ್ಯೆ ಆ ಎಂಟೂ ಆಯ್ಕೆಗಳಲ್ಲಿ ಇರುವುದಿಲ್ಲ. ಇದ್ದಿದ್ದರೆ ನಾವು ಕರೆಯನ್ನೇ ಮಾಡುತ್ತಿರಲಿಲ್ಲ. ಹದಿನಾರು ಅಂಕಿಗಳ ಗ್ರಾಹಕ ಸಂಖ್ಯೆಯನ್ನು ಒತ್ತಲು ಹೇಳುತ್ತಾರೆ, ಹದಿನೈದನೆಯ ಅಂಕಿಯಲ್ಲಿ ಬೆರಳು ತಪ್ಪುತ್ತದೆ, ಮತ್ತೆ ಮೊದಲಿನಿಂದ. ಕೊನೆಗೆ, ಎಲ್ಲ ಅಧಿಕಾರಿಗಳೂ ಇತರ ಗ್ರಾಹಕರೊಂದಿಗೆ ಮಾತನಾಡುತ್ತಿದ್ದಾರೆ, ನಿಮ್ಮ ಕರೆ ನಮಗೆ ಅತ್ಯಮೂಲ್ಯ ಎಂಬ ಅಭಯವಾಣಿ ಕೇಳಿ ಸಂಗೀತ ಆರಂಭವಾಗುತ್ತದೆ. ಅಮೂಲ್ಯವಾದುದನ್ನು ಯಾರೂ ಕೂಡಲೇ ಖರ್ಚು ಮಾಡುವುದಿಲ್ಲ, ಜೋಪಾನವಾಗಿ ಎತ್ತಿಡುತ್ತಾರೆ. ನಮ್ಮ ಕರೆಯನ್ನೂ ಹಾಗೆಯೇ ಎತ್ತಿಡಲಾಗುತ್ತದೆ.

ಆ ಸಂಗೀತದ ಮೂಲವೂ ಅದಕ್ಕೆ ತಕ್ಕುದಾಗಿಯೇ ಇದೆ. ಅಮೆರಿಕದ ಕಾರ್ಖಾನೆ ಮಾಲೀಕ ಆಲ್ಫ್ರೆಡ್ ಲೆವಿ ಅವರ ದೂರವಾಣಿ ಮಾರ್ಗದಲ್ಲಿ ಸಡಿಲಗೊಂಡ ತಂತಿಯೊಂದು ಕಟ್ಟಡದ ಉಕ್ಕಿನ ತೊಲೆಗೆ ತಾಗಿ, ಪಕ್ಕದ ರೇಡಿಯೊ ಕೇಂದ್ರದ ಪ್ರಸಾರ ಕಾಯುತ್ತಿದ್ದವರ ಕಿವಿಗೆ ಬೀಳತೊಡಗಿತು. ಬೇರೆಯವರಾಗಿದ್ದರೆ ತಂತಿ ಸರಿಮಾಡಿಸುತ್ತಿದ್ದರು. ಲೆವಿ 1962ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1966ರಲ್ಲಿ ಅದು ಸಿಕ್ಕಿತು. ದೋಷವನ್ನೇ ಸೌಲಭ್ಯವೆಂದು ನೋಂದಾಯಿಸುವ ಪರಂಪರೆಗೆ ಇದಕ್ಕಿಂತ ಒಳ್ಳೆಯ ನಾಂದಿ ಸಿಗಲಾರದು.

ಕೇಳುವವರನ್ನು ಹಣ್ಣು ಮಾಡುವುದು ಸಂಗೀತವಲ್ಲ, ಅದು ನಿಲ್ಲುವ ಕ್ಷಣ. ಅರ್ಧ ನಿಮಿಷಕ್ಕೊಮ್ಮೆ ರಾಗ ತಟ್ಟನೆ ಕಡಿಯುತ್ತದೆ. ಮಂಚದ ಮೇಲೆ ಒರಗಿದ್ದವರು ಎದ್ದು ಕೂರುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ, ಬರೆದಿಟ್ಟುಕೊಂಡ ಚೀಟಿಯನ್ನು ಕೈಗೆತ್ತಿಕೊಳ್ಳುತ್ತಾರೆ, ಮನೆಯವರಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡುತ್ತಾರೆ. ಅಷ್ಟರಲ್ಲಿ ಅದೇ ಧ್ವನಿಮುದ್ರಣ ಮತ್ತೆ ನಮ್ಮ ಅಮೂಲ್ಯತೆಯನ್ನು ಸಾರಿ, ರಾಗ ಮುಂದುವರಿಯುತ್ತದೆ. ಶಬರಿಯೂ ಕಾದಳು, ನಿಜ; ಆದರೆ ತಾನು ಕಾಯುತ್ತಿರುವುದು ಯಾರಿಗಾಗಿ ಎಂದು ಅವಳಿಗೆ ಗೊತ್ತಿತ್ತು, ಮತ್ತು ಬಂದವನು ಮೊದಲು ನಿನ್ನ ಜನ್ಮ ದಿನಾಂಕ ಹೇಳಿ ದೃಢಪಡಿಸು ಎಂದು ಕೇಳಲಿಲ್ಲ. ನಮ್ಮ ಪಾಲಿಗೆ ಒಲಿಯುವ ಅಧಿಕಾರಿ ಜನ್ಮ ದಿನಾಂಕವನ್ನು ಕೇಳುತ್ತಾರೆ, ಒಮ್ಮೆ ಒತ್ತಿ ಮುಗಿಸಿದ್ದ ಹದಿನಾರು ಅಂಕಿಗಳನ್ನೂ ಮತ್ತೊಮ್ಮೆ ಬಾಯಿಬಿಟ್ಟು ಹೇಳಲು ಕೇಳುತ್ತಾರೆ, ಎಲ್ಲವನ್ನೂ ಸಮಾಧಾನದಿಂದ ಆಲಿಸಿ, ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ, ಸಂಬಂಧಪಟ್ಟ ವಿಭಾಗಕ್ಕೆ ವರ್ಗಾಯಿಸುತ್ತೇನೆ ಎನ್ನುತ್ತಾರೆ. ಒಂದು ಕ್ಲಿಕ್ ಸದ್ದು ಕೇಳುತ್ತದೆ. ಆಮೇಲೆ ಸಂಗೀತವೂ ಇಲ್ಲ.

ಕಿವಿಗೆ ಸಂಗೀತವಾದರೆ ಬೆರಳಿಗೆ ಗುಂಡಿ. ಕಾಯುವವರ ಕೈಗೆ ಒತ್ತಲು ಏನನ್ನಾದರೂ ಕೊಟ್ಟರೆ, ಪರಿಸ್ಥಿತಿ ತಮ್ಮ ಹಿಡಿತದಲ್ಲಿದೆ ಎಂದು ಅವರು ಭಾವಿಸುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ರಸ್ತೆ ದಾಟುವವರಿಗಾಗಿ ಇರಿಸಿದ್ದ ಸುಮಾರು 3,250 ಗುಂಡಿಗಳ ಪೈಕಿ 2,500ಕ್ಕೂ ಹೆಚ್ಚು ಕೆಲಸವನ್ನೇ ಮಾಡುತ್ತಿರಲಿಲ್ಲ ಎಂದು 2004ರಲ್ಲಿ ಪತ್ರಿಕೆಯಲ್ಲಿ ವರದಿಯಾಯಿತು. ಸಂಚಾರ ದೀಪಗಳು ಗಣಕಯಂತ್ರದ ಅಧೀನಕ್ಕೆ ಹೋಗಿ ವರ್ಷಗಳೇ ಆಗಿದ್ದುವು. ಕಿತ್ತುಹಾಕಲು ಖರ್ಚು ತಗಲುತ್ತದೆಂದು ಗುಂಡಿಗಳನ್ನು ಹಾಗೆಯೇ ಉಳಿಸಿಕೊಳ್ಳಲಾಗಿತ್ತು. ಜನ ಶ್ರದ್ಧೆಯಿಂದ ಒತ್ತುತ್ತಿದ್ದರು, ದೀಪ ತನ್ನ ಪಾಡಿಗೆ ಬದಲಾಗುತ್ತಿತ್ತು, ಒತ್ತಿದ್ದರಿಂದಲೇ ಬದಲಾಯಿತು ಎಂದು ಅವರು ರಸ್ತೆ ದಾಟುತ್ತಿದ್ದರು. ಲಿಫ್ಟಿನ ಬಾಗಿಲು ಮುಚ್ಚುವ ಗುಂಡಿಯ ಕಥೆಯೂ ಹೆಚ್ಚುಕಡಿಮೆ ಇದೇ. ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳ 1990ರ ಕಾಯ್ದೆ ಬಂದ ಮೇಲೆ, ಊರುಗೋಲು ಅಥವಾ ಗಾಲಿಕುರ್ಚಿ ಬಳಸುವವರು ಒಳಬರುವಷ್ಟು ಹೊತ್ತು ಬಾಗಿಲು ತೆರೆದಿರಲೇಬೇಕಾಯಿತು; ಅದು ನ್ಯಾಯವಾದದ್ದೇ. ಆದರೆ ಆ ಹೊತ್ತನ್ನು ಮೊಟಕುಗೊಳಿಸಲಾಗದ ಗುಂಡಿಯನ್ನು ಮಾತ್ರ ತೆಗೆಯಲಿಲ್ಲ. ಲಿಫ್ಟನ್ನು ಕರೆಯುವ ಗುಂಡಿ ಅಷ್ಟು ಮೋಸದ್ದಲ್ಲ, ಒಮ್ಮೆ ಒತ್ತಿದರೆ ನಿಜವಾಗಿಯೂ ಕೆಲಸ ಮಾಡುತ್ತದೆ. ಅದರಲ್ಲಿ ದೀಪ ಹೊತ್ತಿಕೊಂಡಿರುವುದನ್ನು ಕಂಡ ಮೇಲೂ, ಮುಂಚೆಯೇ ನಿಂತಿದ್ದ ನಾಲ್ವರನ್ನು ದಾಟಿ ಹೋಗಿ ಮತ್ತೊಮ್ಮೆ ಒತ್ತುವ ಸಜ್ಜನರೊಬ್ಬರು ಎಲ್ಲ ಕಟ್ಟಡಗಳಲ್ಲಿಯೂ ಇರುತ್ತಾರೆ. ಇಷ್ಟು ಹೊತ್ತು ಲಿಫ್ಟು ಬಾರದೇ ಇದ್ದುದಕ್ಕೆ ಉಳಿದವರ ಬೆರಳಿನ ಕೈಗುಣವೇ ಕಾರಣ ಎಂಬ ಭಾವ ಅವರ ಮುಖದ ಮೇಲೆ ಎದ್ದು ಕಾಣುತ್ತದೆ.

ಕಣ್ಣಿಗೂ ಒಂದು ಉಪಚಾರ ಬೇಕಲ್ಲವೇ. ಗಣಕಯಂತ್ರದ ಪರದೆಯ ಮೇಲೆ ಎಡದಿಂದ ಬಲಕ್ಕೆ ತೆವಳುವ ಪಟ್ಟಿ ಆ ಕೊರತೆಯನ್ನು ತುಂಬಿದೆ. ಇಂಥ ಪಟ್ಟಿಯಿದ್ದರೆ ಜನ ನೆಮ್ಮದಿಯಾಗಿರುತ್ತಾರೆ ಎಂಬುದನ್ನು ಬ್ರಾಡ್ ಮೈಯರ್ಸ್ 1985ರಲ್ಲಿಯೇ ತೋರಿಸಿಕೊಟ್ಟಿದ್ದರು. 2007ರಲ್ಲಿ ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ತೆಗೆದುಕೊಳ್ಳುವ ಸಮಯ ಅಷ್ಟೇ ಇದ್ದರೂ ಕೊನೆಯಲ್ಲಿ ವೇಗ ಪಡೆಯುವ ಪಟ್ಟಿ ಬೇಗ ಮುಗಿದಂತೆ ಅನಿಸುತ್ತದೆ ಎಂದು ಕಂಡುಕೊಂಡರು. ವಿಚಿತ್ರವೆಂದರೆ ನಮ್ಮ ಅನುಭವಕ್ಕೆ ಬರುವ ಪಟ್ಟಿಗಳು ಈ ಸಂಶೋಧನೆಯನ್ನು ತಲೆಕೆಳಗಾಗಿ ಓದಿಕೊಂಡಂತಿವೆ. ಶೇಕಡ 99ರವರೆಗೆ ಕುದುರೆಯಂತೆ ಓಡಿ, ಅಲ್ಲಿ ಕಾಲು ಮುರಿದುಕೊಂಡು ಬೀಳುತ್ತವೆ. ಉಳಿದ ಆ ಒಂದು ಪಾಲಿನಲ್ಲಿ ಏನು ನಡೆಯುತ್ತಿದೆ ಎಂದು ಯಾರಿಗೂ ತಿಳಿಯದು. ಬಿಟ್ಟು ಏಳೋಣವೆಂದರೆ ಇನ್ನೇನು ಮುಗಿಯಿತಲ್ಲ ಎಂಬ ಆಸೆ.

ಸಾಲು ಬದಲಿಸುವವರ ಪಾಡನ್ನು ಹೇಳದಿದ್ದರೆ ಅನ್ಯಾಯವಾದೀತು. ಅಕ್ಕಪಕ್ಕ ಮೂರು ಸಾಲುಗಳಿದ್ದರೆ, ಅವುಗಳಲ್ಲಿ ನಮ್ಮದೇ ಎಲ್ಲಕ್ಕಿಂತ ಬೇಗ ಸಾಗುವ ಸಂಭವ ಮೂರರಲ್ಲಿ ಒಂದು. ಪಕ್ಕದ ಯಾವುದೋ ಒಂದು ನಮ್ಮನ್ನು ಹಿಂದೆ ಹಾಕುವ ಸಂಭವ ಮೂರರಲ್ಲಿ ಎರಡು. ಇದರಲ್ಲಿ ಗ್ರಹಚಾರವೇನೂ ಇಲ್ಲ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಯಾವ ಕಿಟಕಿ ಖಾಲಿಯಾದರೆ ಅಲ್ಲಿಗೆ ಮುಂದಿನವರನ್ನು ಕಳಿಸಿದರೆ ಈ ಜಂಜಾಟವೇ ಇರುವುದಿಲ್ಲ. ಆದರೆ ಹಾಗೆ ಮಾಡಿಬಿಟ್ಟರೆ ಜನ ಸಂಸ್ಥೆಯನ್ನು ಬೈಯುತ್ತಾರೆ. ಮೂರು ಸಾಲುಗಳಿದ್ದರೆ ತಮ್ಮ ಹಣೆಬರಹವನ್ನು ಬೈದುಕೊಳ್ಳುತ್ತಾರೆ.

ಇಷ್ಟೆಲ್ಲ ಉಪಚಾರ ಮಾಡಿ ನಮ್ಮನ್ನು ಕಾಯಿಸುವ ವ್ಯವಸ್ಥೆ ತಾನು ಮಾತ್ರ ಒಂದು ಗಳಿಗೆಯೂ ಕಾಯುವುದಿಲ್ಲ. ಒಂದು ಅರ್ಜಿಯ ಪುಟ ತೆರೆದುಕೊಳ್ಳಲು ನಾವು ಹತ್ತು ನಿಮಿಷ ಕಾದಿರುತ್ತೇವೆ. ಬೇಕಾದ ದಾಖಲೆಯನ್ನು ಹುಡುಕಲು ನಾವು ಕಪಾಟಿನ ತನಕ ಹೋಗಿ ಬರುವಷ್ಟರಲ್ಲಿ ನಿಮ್ಮ ಅವಧಿ ಮುಗಿದಿದೆ, ನಿಮ್ಮ ಸುರಕ್ಷತೆಗಾಗಿಯೇ ನಿಮ್ಮನ್ನು ಹೊರಗೆ ಹಾಕಲಾಗಿದೆ ಎಂಬ ಪ್ರಕಟಣೆ ಸಿದ್ಧವಾಗಿರುತ್ತದೆ. ಮೂರು ನಿಮಿಷವಷ್ಟೇ ಬಾಳುವ ಗುಪ್ತಸಂಖ್ಯೆ ನಾಲ್ಕನೆಯ ನಿಮಿಷದಲ್ಲಿ ಬರುತ್ತದೆ. ಹೊಸದನ್ನು ಕೇಳಿದರೆ ಹಳೆಯದು ಎರಡನೆಯ ಬಾರಿ ಬರುತ್ತದೆ. ಮೂರನೆಯ ಯತ್ನಕ್ಕೆ ಖಾತೆಗೆ ಬೀಗ ಬೀಳುತ್ತದೆ. ಕೊನೆಯ ದಿನಾಂಕ ದಾಟಿದ ಮರುಕ್ಷಣವೇ ದಂಡ ಏರುತ್ತದೆ, ನಾವು ಅದನ್ನು ತಪ್ಪಿಸಲೆಂದು ಆ ಹೊತ್ತಿನಲ್ಲಿ ಅವರದೇ ಸಹಾಯ ಕೇಂದ್ರದ ರಾಗವನ್ನು ಕೇಳುತ್ತಿದ್ದರೂ ಸರಿಯೇ. ಅವರನ್ನು ಕಾಯಿಸುವುದಾದರೆ ನಾವು ಯಾವ ಹಾಡು ಹಾಕಬೇಕು ಎಂದು ಯಾರೂ ಪೇಟೆಂಟು ಪಡೆದಿಲ್ಲ.

ಕರೆ ಕಡಿದುಹೋದ ಮರುಗಳಿಗೆಯಲ್ಲಿ ಬರುವ ಸಮೀಕ್ಷೆಗೆ ಮಾತ್ರ ಯಾವ ಸರದಿಯೂ ಇಲ್ಲ, ಅದು ಬಾಣದಂತೆ ಬಂದು ತಲುಪುತ್ತದೆ. ನಮ್ಮ ಅಧಿಕಾರಿಯ ಸೌಜನ್ಯಕ್ಕೆ ಐದರಲ್ಲಿ ಎಷ್ಟು ಅಂಕ, ಅವರ ಉಚ್ಚಾರ ಸ್ಪಷ್ಟವಾಗಿತ್ತೇ, ನಮ್ಮನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡುವಿರಾ ಎಂದು ಕೇಳುತ್ತದೆ. ಕಡಿಮೆ ಅಂಕ ಕೊಟ್ಟರೆ ಅದು ಹೋಗಿ ಬಡಿಯುವುದು ಒಂದೇ ಸಮನೆ ಕರೆ ಸ್ವೀಕರಿಸುತ್ತ ಕುಳಿತಿರುವ ಆ ಬಡಪಾಯಿ ಅಧಿಕಾರಿಯ ತಲೆಗೇ ಹೊರತು, ಅವರ ಪಕ್ಕದ ಕುರ್ಚಿಯನ್ನು ಖಾಲಿ ಬಿಟ್ಟವರಿಗಲ್ಲ. ಎಷ್ಟು ಹೊತ್ತು ಕಾದಿರಿ ಎಂಬ ಪ್ರಶ್ನೆ ಅದರಲ್ಲಿ ಇಲ್ಲ. ಹೇಳಲೇಬೇಕೆಂದು ಹಟವಿದ್ದವರಿಗೆ ಕೊನೆಯಲ್ಲಿ ಇತರೆ ಎಂಬ ಒಂದು ಖಾನೆಯಿದೆ. ಅಲ್ಲಿ ಬರೆದು ಮುಗಿಸಿ ಸಲ್ಲಿಸಿ ಎಂಬುದನ್ನು ಒತ್ತಿದರೆ, ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ಓಡಿ ಶೇಕಡ 99ರಲ್ಲಿ ನಿಲ್ಲುತ್ತದೆ.