ಐವತ್ತು ಕೆಬಿಯೊಳಗಿನ ಮುಖ

ಮನುಷ್ಯನ ಮುಖದ ತೂಕ ಎಷ್ಟು ಗೊತ್ತಾ? 20 ಕೆಬಿಗಿಂತ ಜಾಸ್ತಿ, 50 ಕೆಬಿಗಿಂತ ಕಡಿಮೆ. ಇದು ನಾನು ಹೇಳಿದ್ದಲ್ಲ. ಬ್ಯಾಂಕ್ ಪರೀಕ್ಷೆಯ ಆನ್‌ಲೈನ್ ಅರ್ಜಿಗೆ ಫೋಟೊ ಫೈಲನ್ನು ಆ ಗಾತ್ರಕ್ಕೆ ಇಳಿಸಿ ಹಾಕಿದ ಧಾರವಾಡದ ಯಾವ ಹುಡುಗನನ್ನು ಬೇಕಾದರೂ ಕೇಳಿ. ಸಪ್ತಾಪುರದ ಕೋಚಿಂಗ್ ಕ್ಲಾಸುಗಳ ಓಣಿಯಲ್ಲಿ ನಿಂತು ಕೇಳಿದರೆ ಹತ್ತು ಜನ ಒಟ್ಟಿಗೇ ಉತ್ತರ ಹೇಳುತ್ತಾರೆ. ಸಹಿಯ ತೂಕ 10ರಿಂದ 20 ಕೆಬಿ. ಸಂವಿಧಾನದ ಯಾವ ವಿಧಿ ಏನು ಹೇಳುತ್ತದೆ ಅನ್ನುವಲ್ಲಿ ತಡವರಿಸಿದರೂ ಇದರಲ್ಲಿ ಯಾರೂ ತಡವರಿಸುವುದಿಲ್ಲ.

ಅದೇ ಹುಡುಗನ ಕೈಯಲ್ಲಿರುವುದು 50 ಮೆಗಾಪಿಕ್ಸೆಲ್ ಫೋನು. ಒಂದು ಫೋಟೊ ಹೊಡೆದರೆ ನಾಲ್ಕೈದು ಎಂಬಿ. ಮೂಗಿನ ಮೇಲಿನ ಮೊಡವೆಯನ್ನೂ ಎಣಿಸಬಹುದು. ಫೋನ್ ಕಂಪನಿಯವರು ಮುಖವನ್ನು ಹಿಗ್ಗಿಸುತ್ತಾ ಹೋಗುತ್ತಾರೆ, ಅರ್ಜಿಯವರು ಕುಗ್ಗಿಸುತ್ತಾ ಹೋಗುತ್ತಾರೆ. ಇಬ್ಬರ ನಡುವೆ ಸಿಕ್ಕ ಮುಖ ಕೊನೆಗೆ ಹಾಲ್ ಟಿಕೆಟ್ಟಿನಲ್ಲಿ ಅಚ್ಚಾಗಿ ಬಂದಾಗ ಹೆತ್ತ ತಾಯಿಯೇ "ಇಂವ ಯಾರೋ?" ಅಂತ ಕೇಳುವ ಹಾಗಿರುತ್ತದೆ.

ನಾನು ಹೊಟ್ಟೆಪಾಡಿಗೆ ಹುಬ್ಬಳ್ಳಿಯಲ್ಲಿ ವೆಬ್ ಡಿಸೈನ್ ಮಾಡುವವನು. ಹಾಗಾಗಿ ಇದನ್ನು ನೋಡಿ ಸುಮ್ನೆ ನಕ್ಕು ಮುಂದೆ ಹೋಗಲು ಆಗುವುದಿಲ್ಲ. ಫೋಟೊ ಕುಗ್ಗಿಸುವುದು ಕಂಪ್ಯೂಟರಿಗೆ ಒಂದು ಕೆಲಸವೇ ಅಲ್ಲ. ಎಷ್ಟು ದೊಡ್ಡ ಫೋಟೊ ಕೊಟ್ಟರೂ ತಾನೇ ಕುಗ್ಗಿಸಿಕೊಳ್ಳುವ ಹಾಗೆ ಅರ್ಜಿಯ ಪುಟದಲ್ಲೇ ಒಂದಿಷ್ಟು ಸಾಲು ಕೋಡ್ ಬರೆದರೆ ಮುಗಿಯಿತು. ವಾಟ್ಸಾಪ್ ದಿನಾ ಅದನ್ನು ಮಾಡುತ್ತದೆ, ಹೇಳದೆ ಕೇಳದೆ. ನಮ್ಮ ಅರ್ಜಿಗಳು ಆ ಗೋಜಿಗೆ ಹೋಗುವುದಿಲ್ಲ. ಕೆಂಪು ಅಕ್ಷರದಲ್ಲಿ ಒಂದೇ ಸಾಲು ತೋರಿಸುತ್ತವೆ: "ಫೈಲ್ ಗಾತ್ರ ಸರಿಯಿಲ್ಲ." ಒಂದು ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಲಕ್ಷಾಂತರ ಮಂದಿಗೆ ಹಂಚಿಕೊಡುವ ಈ ವ್ಯವಸ್ಥೆಗೆ ಡಿಜಿಟಲೀಕರಣ ಅಂತ ಹೆಸರಿಟ್ಟಿದ್ದೇವೆ.

ಅದೇ ಬ್ಯಾಂಕ್ ಅರ್ಜಿಯಲ್ಲಿ ಇನ್ನೊಂದು ಕಟ್ಟಳೆ ಇದೆ. ನಾನು ಕೊಟ್ಟ ಮಾಹಿತಿಯೆಲ್ಲ ನಿಜ ಅಂತ ಬಿಳಿ ಹಾಳೆಯ ಮೇಲೆ ಪೆನ್ನು ಹಿಡಿದು ಬರೆಯಬೇಕು. ಇಂಗ್ಲಿಷಿನಲ್ಲೇ ಬರೆಯಬೇಕು. ದೊಡ್ಡಕ್ಷರದಲ್ಲಿ ಬರೆದರೆ ನಡೆಯುವುದಿಲ್ಲ. ಬರೆದದ್ದನ್ನು ಸ್ಕ್ಯಾನ್ ಮಾಡಿ 50ರಿಂದ 100 ಕೆಬಿಯೊಳಗೆ ಹಾಕಬೇಕು. ಅಂದರೆ ಮುಖಕ್ಕಿಂತ ಸತ್ಯದ ತೂಕ ಎರಡು ಪಟ್ಟು. ಆಡಳಿತ ಸತ್ಯಕ್ಕೆ ಇಷ್ಟು ಬೆಲೆ ಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇಷ್ಟೆಲ್ಲ ತೂಗಿ ಅಳೆದು ಕೊಡುವವನು ಯಾರು? ಝೆರಾಕ್ಸ್ ಅಂಗಡಿಯ ಹುಡುಗ.

ಹುಬ್ಬಳ್ಳಿಯಾಗಲಿ, ಗದಗಾಗಲಿ, ಹಾವೇರಿಯಾಗಲಿ, ಯಾವುದೇ ಕಚೇರಿಯ ಎದುರು ನಿಂತು ನೋಡಿ. ಸಾಲಾಗಿ ಅಂಗಡಿಗಳು. ಬೋರ್ಡಿನ ಮೇಲೆ "ಝೆರಾಕ್ಸ್, ಲ್ಯಾಮಿನೇಶನ್, ಎಲ್ಲ ತರಹದ ಆನ್‌ಲೈನ್ ಅರ್ಜಿ ತುಂಬಿಕೊಡಲಾಗುವುದು." ಮಧ್ಯವರ್ತಿಗಳ ಕಾಟ ತಪ್ಪಿಸಲು ಎಲ್ಲವನ್ನೂ ಆನ್‌ಲೈನ್ ಮಾಡಿದ್ದೇವೆ ಅಂತ ವೇದಿಕೆಯ ಮೇಲೆ ಭಾಷಣ ಆಗುತ್ತದೆ. ಭಾಷಣದ ಮರುವಾರ ಇಂಥ ಇನ್ನೊಂದು ಅಂಗಡಿಯ ಷಟರ್ ಮೇಲೇಳುತ್ತದೆ. ದೊಡ್ಡ ಕಂಪನಿಗಳು ಬಳಸುವವರ ಕಷ್ಟ ತಿಳಿಯಲು ದುಡ್ಡು ಸುರಿದು ಸಂಶೋಧನೆ ಮಾಡಿಸುತ್ತವೆ. ಈ ಹುಡುಗನಿಗೆ ಎಲ್ಲ ಬಾಯಿಪಾಠ. ಯಾವ ಸೈಟು ಮಧ್ಯಾಹ್ನ ಮಲಗುತ್ತದೆ, ಯಾವುದು ರಾತ್ರಿ ಹನ್ನೊಂದರ ಮೇಲೆ ಏಳುತ್ತದೆ, ಯಾವ ಬಟನ್ ಎರಡು ಸಲ ಒತ್ತಿದರೆ ದುಡ್ಡು ಎರಡು ಸಲ ಹೋಗುತ್ತದೆ, ಹೆಸರಿನ ಮುಂದೆ ಇನಿಷಿಯಲ್ ಹಾಕುವಾಗ ಚುಕ್ಕಿ ಇಟ್ಟರೆ ಯಾವ ಪುಟ ಮುನಿಸಿಕೊಳ್ಳುತ್ತದೆ. ಅವನನ್ನು ಇಲ್ಲಿಯವರೆಗೆ ಒಬ್ಬ ಅಧಿಕಾರಿಯೂ ಕರೆದು ಕೇಳಿಲ್ಲ.

"ಅಜ್ಜಾರ, ಓಟಿಪಿ ಬಂತೇನ್ರಿ?"

"ಅದು ನಮ್ಮ ಹುಡುಗನ ನಂಬರಿಗೆ ಬರತೈತೋ ತಮ್ಮಾ. ಅಂವ ಪುಣೆದಾಗ ಡ್ಯೂಟಿ ಮ್ಯಾಲ ಅದಾನ."

ಪುಣೆಗೆ ಫೋನು ಹೋಗುತ್ತದೆ. ಅಜ್ಜನಿಗೆ ಕಿವಿ ಮಂದ, ಹಾಗಾಗಿ ಸ್ಪೀಕರ್. ಯಾರಿಗೂ ಹೇಳಬೇಡಿ ಅನ್ನುವ ಎಚ್ಚರಿಕೆಯ ಸಮೇತ ಆ ಗುಟ್ಟಿನ ಸಂಖ್ಯೆ ಪುಣೆಯಿಂದ ಬಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತದೆ. ಪಕ್ಕದ ಚಹಾದಂಗಡಿಗೂ ಕೇಳಿಸುತ್ತದೆ. ಯಾರಿಗೂ ಅದರಿಂದ ನಷ್ಟವಿಲ್ಲ, ಯಾಕೆಂದರೆ ಅಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ. ಇನ್ನೊಮ್ಮೆ ಕಳಿಸು ಅಂತ ಒತ್ತಬೇಕು. ಒತ್ತಿದರೆ ಪುಟ ಮೊದಲಿಗೆ ಹೋಗಿ ನಿಲ್ಲುತ್ತದೆ. ಊರು, ತಾಲೂಕು, ಜಿಲ್ಲೆ, ತಂದೆಯ ಹೆಸರು, ಎಲ್ಲ ಖಾಲಿ.

ಆಮೇಲೆ ಕ್ಯಾಪ್ಚಾ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಹುಟ್ಟುಹಾಕಿದ ಹೆಸರು ಅದು. ಯಂತ್ರಗಳು ಮನುಷ್ಯರ ವೇಷ ಹಾಕಿ ಒಳಗೆ ನುಗ್ಗದಿರಲಿ ಅಂತ ಮಾಡಿದ ಕಾವಲು. ಅವರದೇ ಮುಂದಿನ ಅವತಾರ ರಿಕ್ಯಾಪ್ಚಾವನ್ನು 2009ರಲ್ಲಿ ಗೂಗಲ್ ಕೊಂಡುಕೊಂಡಿತು. ಚಿತ್ರ ತೋರಿಸಿ ಗುರುತು ಹಿಡಿ ಅನ್ನುತ್ತಾರೆ. ಜೀಬ್ರಾ ಕ್ರಾಸಿಂಗ್ ಇರುವ ಚೌಕ ಒತ್ತಿ. ನಮ್ಮೂರಿನ ಸರ್ಕಲ್ಲಿನಲ್ಲಿ ನಿಂತು ಹುಡುಕಿದರೂ ಅರ್ಧ ಅಳಿಸಿದ ನಾಲ್ಕು ಪಟ್ಟೆ ಸಿಕ್ಕರೆ ಹೆಚ್ಚು, ಅಲ್ವಾ? ಅದಕ್ಕಿಂತ ಕಷ್ಟದ್ದು ರಸ್ತೆ ಬದಿಯ ಆ ಗಿಡ್ಡ ಕಂಬ. ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಪೈಪು ಜೋಡಿಸುವ ಕಂಬವಂತೆ.

"ಇದೇನೋ ತಮ್ಮಾ, ಲಿಂಗ ಇದ್ದಂಗ ಐತಿ?"

"ಅಮೆರಿಕಾದ ನಳರೀ ಅಜ್ಜಾರ."

"ಹೌದನ? ದಿನಾ ನೀರ ಬಿಡ್ತಾರೇನು?"

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಹುಬ್ಬಳ್ಳಿಯಲ್ಲಿ ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದನ್ನು ಪ್ರಶ್ನೆಯಾಗಿ ಕೇಳಿದರೆ ಯಾವ ರೋಬೋಟೂ ಉತ್ತರ ಹೇಳಲಾರದು. ನಿಜವಾದ ಕ್ಯಾಪ್ಚಾ ಅದೇ ಆಗಬೇಕಿತ್ತು. ಸದ್ಯಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಂದವರೆಲ್ಲರ ಪರವಾಗಿ "ನಾನು ರೋಬೋಟ್ ಅಲ್ಲ" ಅಂತ ಅಂಗಡಿಯ ಹುಡುಗನೊಬ್ಬನೇ ಸಾಬೀತು ಮಾಡುತ್ತಿದ್ದಾನೆ. ಇಡೀ ತಾಲೂಕಿನ ಮನುಷ್ಯತ್ವ ಅವನ ಮೌಸಿನ ಮೇಲೆ ನಿಂತಿದೆ.

ಎಲ್ಲ ಮುಗಿದು ಹಸಿರು ಟಿಕ್ ಬಂತು ಅನ್ನುವಾಗ ಕೊನೆಯ ಪುಟದಲ್ಲಿ ಒಂದು ಸೂಚನೆ ಕಾಣುತ್ತದೆ. ಈ ಅರ್ಜಿಯ ಪ್ರಿಂಟ್ ತೆಗೆದು, ದಾಖಲೆಗಳ ಝೆರಾಕ್ಸ್ ಲಗತ್ತಿಸಿ, ಕಚೇರಿಗೆ ಖುದ್ದಾಗಿ ಬಂದು ಸಲ್ಲಿಸತಕ್ಕದ್ದು.

ಕನ್ನಡದ ಪಾಡು ಕೇಳಬೇಡಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ. ಇಷ್ಟು ವರ್ಷಗಳಾದರೂ ಎಷ್ಟೋ ಕಚೇರಿಗಳ ಸುತ್ತೋಲೆ ಇನ್ನೂ ಹಳೆಯ ಫಾಂಟಿನಲ್ಲೇ ಟೈಪಾಗುತ್ತದೆ. ಅದನ್ನು ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಇದಕ್ಕೆ ನಮ್ಮವರು ಕಂಡುಕೊಂಡ ಉಪಾಯ ಭಾರಿ ಚಂದ. ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆಯುತ್ತಾರೆ, ಸಹಿ ಮಾಡಿ ಸಿಕ್ಕಾ ಹೊಡೆಯುತ್ತಾರೆ, ಸ್ವಲ್ಪ ಓರೆಯಾಗಿ ಸ್ಕ್ಯಾನ್ ಮಾಡುತ್ತಾರೆ, ಪಿಡಿಎಫ್ ಮಾಡಿ ಮತ್ತೆ ಕಂಪ್ಯೂಟರಿಗೇ ಹಾಕುತ್ತಾರೆ. ಆ ಪಿಡಿಎಫ್‌ನಲ್ಲಿ ನಿಮ್ಮ ಊರಿನ ಹೆಸರು ಹುಡುಕಿ ನೋಡಿ. ಸಿಗುವುದಿಲ್ಲ, ಯಾಕೆಂದರೆ ಅದು ಚಿತ್ರ, ಅಕ್ಷರವಲ್ಲ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು. ಅದರಲ್ಲಿ ಬೇಕಾದ ಪದ ಒಂದು ನಿಮಿಷದೊಳಗೆ ಸಿಗುತ್ತದೆ. ಹೋದ ವಾರದ ಸುತ್ತೋಲೆಯಲ್ಲಿ ಸಿಗುವುದಿಲ್ಲ. ಯುನಿಕೋಡ್ ಬಳಸಿದ ಕಡೆಯೂ ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಅಂತ ಅಳೆದಿರುತ್ತಾರೆ. ನಮ್ಮ ಒತ್ತಕ್ಷರಗಳು ಬಟನ್ನಿನ ಅಂಚಿಗೆ ಸಿಕ್ಕಿ ಕಾಲು ಕಳೆದುಕೊಳ್ಳುತ್ತವೆ. ಗದಗಿನ ಅಚ್ಚುಮನೆಗಳಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರು ಇದನ್ನು ನೋಡಿದ್ದರೆ ಬೈಗುಳ ತಿನ್ನುತ್ತಿದ್ದೆವು.

ಇನ್ನು ಖಾಸಗಿ ಸೈಟುಗಳು. ಅಲ್ಲಿ ದುಡ್ಡಿದೆ, ಹಾಗಾಗಿ ಹುಚ್ಚು ಬೇರೆ ದಿಕ್ಕಿಗೆ ಓಡಿದೆ. ಬಿಳಿ ಹಿನ್ನೆಲೆ, ತಿಳಿ ಬೂದು ಅಕ್ಷರ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅಂತರ ಇರಬೇಕು ಅಂತ ಅಂತಾರಾಷ್ಟ್ರೀಯ ನಿಯಮವಿದೆ. ನಮ್ಮ ಹುಡುಗರು ಅದನ್ನು ಓದಿರುತ್ತಾರೆ, ಪಾಲಿಸಿದರೆ ಕ್ಲಾಸ್ ಆಗಿ ಕಾಣುವುದಿಲ್ಲ ಅನ್ನುತ್ತಾರೆ. ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರು ಔಷಧಿ ತರಿಸಲು ಹೋಗಿ, ಮಜ್ಜಿಗೆಯಲ್ಲಿ ಅನ್ನದ ಅಗುಳು ಹುಡುಕಿದ ಹಾಗೆ ಫೋನಿನ ಪರದೆಯಲ್ಲಿ ಅಕ್ಷರ ಹುಡುಕುತ್ತಾ ಕೂರಬೇಕು. 2025ರಲ್ಲಿ ಆ್ಯಪಲ್ ತನ್ನ ಫೋನಿನ ಪರದೆಗೆ ಗಾಜಿನ ರೂಪ ಕೊಟ್ಟ ಮೇಲಂತೂ ಎಲ್ಲರಿಗೂ ಗಾಜೇ ಬೇಕು. ಖಡಕ್ ರೊಟ್ಟಿ ಮಾರುವ ಸೈಟಿಗೂ ಗಾಜು. ಆರ್ಡರ್ ಮಾಡುವ ಬಟನ್ ಎಲ್ಲಿದೆ ಅಂದರೆ ಗಾಜಿನ ಹಿಂದಿದೆ.

ಉಳಿದದ್ದೆಲ್ಲ ಮೂರು ಗೆರೆಯ ಹಿಂದಿದೆ. ಮೂಲೆಯಲ್ಲಿ ಕಾಣುವ, ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುವ ಆ ಮೂರು ಅಡ್ಡಗೆರೆಗಳನ್ನು ನಾರ್ಮ್ ಕಾಕ್ಸ್ ಎಂಬ ಡಿಸೈನರ್ 1981ರ ಸುಮಾರಿಗೆ ಒಂದು ಕಂಪ್ಯೂಟರಿಗಾಗಿ ಬರೆದ. ಯಾವ ಕಂಪನಿಗೆ ಗೊತ್ತಾ? ಝೆರಾಕ್ಸ್ ಕಂಪನಿಗೆ. ಆಗ ಕೆಲವೇ ಚುಕ್ಕಿಗಳಲ್ಲಿ ಚಿತ್ರ ಮೂಡಿಸಬೇಕಿತ್ತು, ಪಾಪ, ಬೇರೆ ದಾರಿ ಇರಲಿಲ್ಲ. ಈಗ ಗೋಡೆಯಷ್ಟು ಪರದೆ ಇದ್ದರೂ ಬೆಲೆ, ವಿಳಾಸ, ಫೋನ್ ನಂಬರ್ ಎಲ್ಲ ಅದರ ಹಿಂದೆಯೇ. ಪುಟದ ತುಂಬ ಮಾತ್ರ ಲ್ಯಾಪ್‌ಟಾಪ್ ನೋಡಿ ನಗುವ ವಿದೇಶಿ ಹೆಂಗಸಿನ ಫೋಟೊ. ನಾವೇಕೆ ಲ್ಯಾಪ್‌ಟಾಪ್ ನೋಡಿ ಒಮ್ಮೆಯೂ ಹಾಗೆ ನಗುವುದಿಲ್ಲ?

ಫೋನ್ ನಂಬರ್ ಪುಟದ ತೀರಾ ಅಡಿಯಲ್ಲೂ ಇರುತ್ತದೆ. ಮುಟ್ಟಿದರೆ ತಾನೆ! ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. 2023ರ ಮಾರ್ಚಿನಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಅಂತ ಹೆಸರಾಯಿತು. ಗಂಟು ಹೊತ್ತು ನಡೆದರೂ ಅದರ ಕೊನೆ ಎಂದೋ ಒಮ್ಮೆ ಬರುತ್ತದೆ. ಈ ಪುಟಗಳದು ಬರುವುದಿಲ್ಲ. ಅಡಿ ಕಂಡಿತು ಅನ್ನುವಷ್ಟರಲ್ಲಿ ಇನ್ನಷ್ಟು ಸಾಮಾನು ಬಂದು ಬೀಳುತ್ತದೆ, ನಂಬರ್ ಮತ್ತೆ ಕೆಳಗೆ ಓಡುತ್ತದೆ. ಬೇಸತ್ತು ನಿಂತರೆ ಮೂಲೆಯಲ್ಲಿ ಒಂದು ಗೊಂಬೆ ಕೈ ಬೀಸಿ "ನಾನು ಸಹಾಯ ಮಾಡಲೇ?" ಅನ್ನುತ್ತದೆ. ಅದು ನಾಲ್ಕು ಆಯ್ಕೆ ಕೊಡುತ್ತದೆ. ನಮ್ಮ ತೊಂದರೆ ಯಾವಾಗಲೂ ಐದನೆಯದು.

ಒಳ್ಳೆಯ ಡಿಸೈನ್ ನಮ್ಮೂರಿನಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ನೋಡಿ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಮೆಟ್ಟಿಲಿಲ್ಲ. ಮಂಡಿನೋವಿನ ಅಜ್ಜಿ ಸೆರಗು ಹಿಡಿದುಕೊಂಡು ನೆಟ್ಟಗೆ ಒಳಗೆ ನಡೆಯುತ್ತಾಳೆ. ಹೀಗೆ ಹತ್ತಿ, ಹೀಗೆ ಇಳಿಯಿರಿ ಅಂತ ಯಾರೂ ಹೇಳಿಕೊಡಬೇಕಿಲ್ಲ, ಆ್ಯಪ್ ಬೇಕಿಲ್ಲ. ಆದರೆ ಆ ಮಟ್ಟದ ನೆಲವನ್ನು ಫೋಟೊದಲ್ಲಿ ತೋರಿಸುವುದು ಕಷ್ಟ. ಅದಕ್ಕೆ ಹಾರ ಹಾಕಲೂ ಬರುವುದಿಲ್ಲ. ಸೈಟುಗಳ ಮಟ್ಟಿಗೆ ಇದು ದೊಡ್ಡ ಕೊರತೆ. ನಮ್ಮಲ್ಲಿ ಸೈಟು ಮಾಡುವುದು ಉದ್ಘಾಟನೆಗೆ. ಬಳಸುವುದು ಆಮೇಲಿನ ಮಾತು.

ಒಂದು ಸಂಘದ ಅಧ್ಯಕ್ಷರು ನನ್ನ ಹತ್ತಿರ ಸೈಟು ಮಾಡಿಸಲು ಬಂದರು. ಸಂಘಕ್ಕೆ ಬೇಕಾದದ್ದು ಒಂದೇ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ. ಅಧ್ಯಕ್ಷರಿಗೆ ಬೇಕಾದದ್ದು ಬೇರೆ.

"ಮ್ಯಾಲ ಪದಾಧಿಕಾರಿಗಳ ಫೋಟೊ ಬರಬೇಕ್ರಿ. ಒಬ್ಬರಾದ ಮ್ಯಾಲ ಒಬ್ಬರು ತಾವ ಸರಕೋಂತ ಹೋಗಬೇಕು. ಕೆಳಗ ಕೆಂಪು ಪಟ್ಟಿ, ಅದರಾಗ ಸುದ್ದಿ ಓಡ್ತಿರಬೇಕು. ಬಾಜೂಕ 'ಹೊಸತು' ಅಂತ ಮಿಣಿ ಮಿಣಿ."

ಓಡುವ ಸುದ್ದಿಯ ಮಾರ್ಕೀ ಟ್ಯಾಗ್ ಹಳೆಯದಾಯಿತು, ಬಳಸಬೇಡಿ ಅಂತ ವೆಬ್ಬಿನ ನಿಯಮ ಬರೆಯುವವರೇ ಹೇಳಿದ್ದಾರೆ ಸರ್ ಅಂದೆ. ಮಿಣುಕುವ ಬ್ಲಿಂಕ್ ಟ್ಯಾಗನ್ನು ಫೈರ್‌ಫಾಕ್ಸ್ ಬ್ರೌಸರ್ 2013ರಲ್ಲೇ ಕಿತ್ತು ಹಾಕಿದೆ ಅಂದೆ. ಸರ್ಕಾರಿ ಸೈಟು ಹೇಗಿರಬೇಕು ಅಂತ ಕೇಂದ್ರದವರು 2009ರಲ್ಲೇ ಮಾರ್ಗಸೂಚಿ ಹೊರಡಿಸಿದ್ದಾರೆ, 2023ರಲ್ಲಿ ಮೂರನೇ ಆವೃತ್ತಿಯೂ ಬಂದಿದೆ ಅಂತಲೂ ಹೇಳಿದೆ.

"ಬರಲಿ ಬಿಡ್ರಿ. ಅವರ ಸೈಟಿನಾಗ ಓಡತೈತೋ ಇಲ್ಲೋ? ಮತ್ತ ನಮ್ಮದರಾಗ ಓಡಿದ್ರ ಏನಾಗತೈತಿ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾದರಿಗೆ ಅಂತ ಅಧ್ಯಕ್ಷರು ತೋರಿಸಿದ ಸೈಟಿನ ಅಡಿಯಲ್ಲಿ "ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಉತ್ತಮ" ಅಂತಲೂ ಬರೆದಿತ್ತು. ಆ ಹಳೆಯ ಬ್ರೌಸರಿನ ಸೇವೆಯನ್ನು ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ನಿಲ್ಲಿಸಿತು. ಆ ಸಾಲನ್ನು ತಮ್ಮ ಸೈಟಿಗೂ ಹಾಕಿ ಅಂದರು, ಭಾರಿ ಆಫೀಷಿಯಲ್ ಕಾಣುತ್ತದಂತೆ.

ಅರ್ಜಿಯ ಫಾರ್ಮ್ ವಿಷಯ ಎತ್ತಿದೆ. "ಅದು ಎರಡನೇ ಹಂತದಾಗ ನೋಡೂಣ್ರಿ. ಮೊದಲ ಉದ್ಘಾಟನಾದ್ದು ಹೇಳ್ರಿ" ಅಂದರು. ಪರದೆಯ ಮೇಲೆ ರಿಬ್ಬನ್ ಬರಬೇಕು, ಅತಿಥಿಗಳು ಬಟನ್ ಒತ್ತಿದ ಕೂಡಲೇ ಕತ್ತರಿ ತಾನೇ ಬಂದು ಕತ್ತರಿಸಬೇಕು, ಹೂವು ಉದುರಬೇಕು, ಶಹನಾಯಿ ಕೇಳಬೇಕು. ಇಡೀ ಸೈಟಿಗಿಂತ ಆ ರಿಬ್ಬನ್ನಿಗೇ ಜಾಸ್ತಿ ಕೆಲಸ ಹಿಡಿಯಿತು. ಅದಕ್ಕೆ ಬಿಲ್ಲೂ ಜಾಸ್ತಿ ಆಯಿತು, ಒಂದು ಪೈಸೆ ಚೌಕಾಸಿ ಮಾಡದೆ ಕೊಟ್ಟರು.

ಕೊನೆಗೆ ಭೇಟಿ ಕೊಟ್ಟವರನ್ನು ಎಣಿಸುವ ಕೌಂಟರ್ ಬೇಕು ಅಂದರು. ಹಾಕಿದೆ. ನೋಡಿ ಮುಖ ಸಣ್ಣದು ಮಾಡಿದರು.

"ಸೊನ್ನೆಯಿಂದ ಚಾಲೂ ಮಾಡಬ್ಯಾಡ್ರಿ. ಮಂದಿ ಮುಂದ ಚಲೋ ಕಾಣಂಗಿಲ್ಲ. 50,000ದಿಂದ ಚಾಲೂ ಮಾಡ್ರಿ."

ಉದ್ಘಾಟನೆಯ ದಿನ ರಿಬ್ಬನ್ ಸರಿಯಾಗಿ ಕತ್ತರಿಸಿತು, ಹೂವು ಉದುರಿತು, ಪೇಢೆ ಹಂಚಿದರು. ಭಾಷಣಕ್ಕೆ ನಿಂತ ಮುಖ್ಯ ಅತಿಥಿಗಳು ದೊಡ್ಡ ಪರದೆಯ ಕಡೆ ತಿರುಗಿದರು. ಕನ್ನಡಕ ಏರಿಸಿ ಕೆಳಗಿನ ಅಂಕಿ ಓದಿದರು. ಈ ಸಂಘದ ಜನಪ್ರಿಯತೆಗೆ ಬೇರೆ ಸಾಕ್ಷಿ ಬೇಕೇ, ಉದ್ಘಾಟನೆಗೆ ಮೊದಲೇ ಐವತ್ತು ಸಾವಿರ ಮಂದಿ ಈ ಸೈಟಿಗೆ ಬಂದು ಹೋಗಿದ್ದಾರೆ ಅಂದರು. ಸಭೆಯಲ್ಲಿ ಜೋರು ಚಪ್ಪಾಳೆ. ಎಲ್ಲರಿಗಿಂತ ಮೊದಲು ತಟ್ಟಿದ್ದು ಅಧ್ಯಕ್ಷರೇ.