ಹಲ್ಲೆ ಮಾಡಿದ್ದು ನಾನೇ

ಮೊನ್ನೆ ರಾತ್ರಿಯಿಂದ ನನ್ನ ಬಲಗೈ ಭುಜಕ್ಕಿಂತ ಮೇಲೇಳುತ್ತಿಲ್ಲ, ಕಷ್ಟಪಟ್ಟು ಎತ್ತಿದರೆ ಮನೆಯವರು ನಗುತ್ತಾರೆ. ಸಂಯೋಜಕ ಹೆಂಡೆಲ್ ಮಹಾಶಯರು 1741ರಲ್ಲಿ ‘ಮೆಸ್ಸಾಯ’ ಎಂಬ ಇಡೀ ಗಾಯನಕೃತಿಯನ್ನು 24 ದಿನಗಳಲ್ಲಿ ಬರೆದು ಮುಗಿಸಿದರಂತೆ, ಅದರೊಳಗಿನ ಹಲ್ಲೆಲೂಯಾ ವೃಂದಗಾನವೊಂದನ್ನೇ ನಮ್ಮ ಅಪಾರ್ಟ್‌ಮೆಂಟಿನ ಕ್ರಿಸ್‌ಮಸ್ ಸಂಜೆಗಾಗಿ ಕಲಿಯಲು ನಮಗೆ ಒಂದು ತಿಂಗಳು ಸಾಲಲಿಲ್ಲ, ಅದೂ ಬಾಯಿ ತೆರೆಯದೆ.

ಬಾಯಿ ತೆರೆಯದಿರುವುದೇ ಇದರ ತಮಾಷೆ. ಮೌನವ್ರತದ ಸನ್ಯಾಸಿಗಳ ವೇಷ ಹಾಕಿದವರು ಸಾಲಾಗಿ ನಿಂತಿರುತ್ತಾರೆ, ಹಾಡು ಧ್ವನಿಮುದ್ರಿಕೆಯಲ್ಲಿ ಮೊಳಗುತ್ತದೆ, ಅವರು ಅಕ್ಷರದ ಹಲಗೆಗಳನ್ನು ತಾಳಕ್ಕೆ ಸರಿಯಾಗಿ ಎತ್ತಿ ಇಳಿಸುತ್ತಾರೆ. ನಮ್ಮ ನಿರ್ದೇಶಕರಾದ ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಯವರು ಹಲಗೆಗಳು ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದರು. ‘ಲೂ’ ಮತ್ತು ‘ಯಾ’ ಬೇರೆಯವರ ಪಾಲಾದವು, ನನಗೆ ಬಂದದ್ದು ‘ಹಲ್ಲೆ’.

ಆ ಹಿರಿಯರು ತಾಳ ಹಾಕುತ್ತಿದ್ದುದು ನೋಟು ಎಣಿಸುವಂತೆ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಗಾಳಿಯಲ್ಲಿ ಕಾಣದ ಕಂತೆಯನ್ನು ಸರಸರನೆ ಮಗುಚುತ್ತ “ಒಂದು, ಎರಡು, ಮೂರು” ಎನ್ನುವರು. ನಡುವೆ ಯಾರಾದರೂ ಕೆಮ್ಮಿದರೆ ಲೆಕ್ಕ ತಪ್ಪಿತೆಂದು ಕಂತೆಯನ್ನು ಮೇಜಿಗೆ ಕುಟ್ಟಿ ಮತ್ತೆ ಮೊದಲಿನಿಂದ ಶುರು. ನಾವು ನಕ್ಕರೆ, ಅಣಕಕ್ಕೂ ವಿದ್ವತ್ತು ಬೇಕೆಂಬ ಉಪನ್ಯಾಸ. ಅಮೆರಿಕದ ಪೀಟರ್ ಶಿಕಲೆ ಎಂಬ ಸಂಯೋಜಕರು ಜರ್ಮನಿಯ ಹೆಸರಾಂತ ಸಂಯೋಜಕ ಬಾಕ್ ಮಹಾಶಯರಿಗೆ ‘ಪಿ.ಡಿ.ಕ್ಯೂ. ಬಾಕ್’ ಎಂಬ ಇಲ್ಲದ ಮಗನೊಬ್ಬನನ್ನು ಸೃಷ್ಟಿಸಿ, ಅವನ ಜೀವಿತಾವಧಿಯನ್ನು 1807–1742 ಎಂದು ತಲೆಕೆಳಗಾಗಿ ಬರೆದು, ಅವನ ಹೆಸರಿನಲ್ಲಿ ಸಾಂಬಾರ ಪದಾರ್ಥಗಳ ಮೇಲೆ ‘ಮೆಸ್ಸಾಯ’ದಂಥ ಒಂದು ಒರಟೋರಿಯೊ, ಅಂದರೆ ವೃಂದಗಾನವಿರುವ ದೊಡ್ಡ ಗಾಯನಕೃತಿ, ರಚಿಸಿದ್ದರಂತೆ. ಒಗ್ಗರಣೆಯ ಮೇಲೆ ವೃಂದಗಾನ ಎಂದಿದ್ದರೆ ನಾನು ಖುಷಿಯಿಂದಲೇ ಒಪ್ಪುತ್ತಿದ್ದೆ.

ನಿಜ ಹೇಳಬೇಕೆಂದರೆ, ಒಪ್ಪಿಕೊಂಡದ್ದಕ್ಕೆ ನನಗೆ ನನ್ನದೇ ಕಾರಣವಿತ್ತು. ಐದನೆಯ ತರಗತಿಯಲ್ಲಿ ಟೀಚರು ನನ್ನನ್ನು ಗಾಯನದ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, “ನೀನು ತುಟಿ ಮಾತ್ರ ಆಡಿಸು ಮಗು” ಎಂದಿದ್ದರು. ತುಟಿಯನ್ನೂ ಆಡಿಸಬೇಕಿಲ್ಲದ ಮೇಳವೊಂದು ನನ್ನನ್ನು ಮೊದಲ ಸಾಲಿಗೆ ಕರೆಯಲು ನಲವತ್ತು ವರ್ಷ ಬೇಕಾಯಿತು.

ಆ ಹಾಡಿನ ಕೊನೆಯಲ್ಲೊಂದು ಹಳ್ಳವಿದೆ. ಹಲ್ಲೆಲೂಯಾಗಳು ಒಂದರ ಬೆನ್ನಿಗೊಂದು ಏರುತ್ತ ಹೋಗಿ ತಟ್ಟನೆ ಎಲ್ಲವೂ ನಿಂತುಬಿಡುತ್ತದೆ. ಒಂದು ಉಸಿರಿನ ಮೌನದ ನಂತರವೇ ಕೊನೆಯ, ನಿಧಾನದ ಹಲ್ಲೆಲೂಯಾ. ಪಳಗಿದ ಗಾಯಕರೂ ಈ ಹಳ್ಳಕ್ಕೆ ಎಡವಿ ಬೀಳುತ್ತಾರೆ. ಮೊನ್ನೆ ಹಾಡು ನಿಂತಿತು, ಸಭೆ ಉಸಿರು ಬಿಗಿಹಿಡಿಯಿತು, ಹನ್ನೆರಡು ಸನ್ಯಾಸಿಗಳಲ್ಲಿ ಹನ್ನೊಂದು ಮಂದಿ ಕಲ್ಲಿನಂತೆ ನಿಂತರು, ಕಂದು ಬೆಡ್‌ಶೀಟು ಹೊದ್ದ ನಾನೊಬ್ಬ ಮಾತ್ರ ಎರಡೂ ಕೈಗಳಿಂದ ತಲೆಯ ಮೇಲೆ ‘ಹಲ್ಲೆ’ ಎಂದು ಎತ್ತಿ ಹಿಡಿದಿದ್ದೆ. ಪಕ್ಕದಲ್ಲಿ ನಿರ್ದೇಶಕರು ಹೆಬ್ಬೆರಳು ಬಾಯಲ್ಲಿಟ್ಟುಕೊಂಡೇ ನನ್ನನ್ನು ದಿಟ್ಟಿಸುತ್ತಿದ್ದ ರೀತಿಗೆ ಆ ಹಲಗೆ ಶೀರ್ಷಿಕೆಯಂತಿತ್ತು.

ಈಗ ಆ ಚಿತ್ರ ಎಲ್ಲರ ಮೊಬೈಲಿನಲ್ಲಿದೆ. ಇಂದು ಬೆಳಿಗ್ಗೆ ಹಾಲು ತರಲು ಹೋದಾಗ ಗೇಟಿನ ವಾಚ್‌ಮನ್ ಎದ್ದು ನಿಂತು ತಗ್ಗಿದ ದನಿಯಲ್ಲಿ ಕೇಳಿದ: “ಯಾರ ಮೇಲೆ ಸಾರ್?”